ಕರುಳಲ್ಲಿ ಪಾಲಿಪ್ ಎಲ್ಲೆಲ್ಲಿ ಆಗತ್ತೆ, ಕೊಲೊನೋಸ್ಕೋಪಿಲಿ ತಪ್ಪಿಸ್ಕೊಳ್ಳದ ಹಾಗೆ ಹಿಡಿಯೋದು ಹೇಗೆ

ಪಾಲಿಪ್ ಅಂದ್ರೆ ಕರುಳಿನ ಒಳಗೋಡೇಲಿ ಬೆಳೆಯೋ ಸಣ್ಣ ಗಂಟು, ಅದು ಇರೋರಿಗೆ ಹೆಚ್ಚಾಗಿ ಏನೂ ಗೊತ್ತಾಗಲ್ಲ. ಹೊಟ್ಟೆನೋವಿಲ್ಲ, ರಕ್ತ ಇಲ್ಲ, ತೂಕ ಇಳಿದಿಲ್ಲ, ದಿನಾ ಬೆಳಗ್ಗೆ ಮೋಷನ್ ಸರಿಯಾಗೇ ಆಗ್ತಿರತ್ತೆ, ಹಿಂಗಿರುವಾಗ ಡಾಕ್ಟ್ರು ವಯಸ್ಸಾಯ್ತಲ್ಲ ಒಂದ್ಸಲ ಕೊಲೊನೋಸ್ಕೋಪಿ ಮಾಡಿಸಿಬಿಡಿ ಅಂದ್ರೆ "ನಂಗೇನಾಗಿದೆ ಅಂತ ಮಾಡಿಸ್ಲಿ" ಅನ್ಸೋದು ಸಹಜಾನೇ. ಕೊಲೊನೋಸ್ಕೋಪಿ ಅಂದ್ರೆ ತುದಿಲಿ ಕ್ಯಾಮೆರಾ ಇರೋ ಪೈಪನ್ನ (ಸ್ಕೋಪ್) ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋ ಟೆಸ್ಟ್. ಆದ್ರೆ ಸ್ಕ್ರೀನಿಂಗ್ ಅಂತ ಮಾಡೋ ಕೊಲೊನೋಸ್ಕೋಪಿ ಇರೋದೇ ಏನೂ ತೊಂದ್ರೆ ಇಲ್ಲದೇ ಇರೋರಿಗೋಸ್ಕರ. ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಶುರುವಾಗೋದು ಪಾಲಿಪ್‌ನಿಂದ, ಸಣ್ಣ ಪಾಲಿಪ್ ಒಂದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 10 ವರ್ಷದಷ್ಟು ಟೈಮ್ ತಗೊಳತ್ತೆ, ಆ ಗ್ಯಾಪಲ್ಲಿ ಅದನ್ನ ಕಿತ್ತು ಹಾಕಿಬಿಟ್ರೆ ಅಲ್ಲಿಂದ ಕ್ಯಾನ್ಸರ್ ಬರೋ ದಾರೀನೇ ಮುಚ್ಚಿದ ಹಾಗೆ.

ಪಾಲಿಪ್ ಹಿಡಿಯೋದು ಅರ್ಧ ಡಾಕ್ಟ್ರ ಕೆಲಸ, ಇನ್ನರ್ಧ ಟೆಸ್ಟ್ ಮಾಡಿಸ್ಕೊಳ್ಳೋರ ಕೈಲಿದೆ. ಕರುಳು ಎಷ್ಟು ಕ್ಲೀನಾಗಿದೆ ಅನ್ನೋದರ ಮೇಲೆ ಎಷ್ಟು ಕಾಣತ್ತೆ ಅನ್ನೋದು ನಿಂತಿರತ್ತೆ, ಅದನ್ನ ಕ್ಲೀನ್ ಮಾಡೋದು ನೀವು, ಮನೇಲಿ, ಹಿಂದಿನ ರಾತ್ರಿ. ಹಾಗಾಗಿ ಈ ಬರಹದಲ್ಲಿ ಪ್ರೆಪ್ ಬಗ್ಗೆ, ಅಂದ್ರೆ ಈ ಕ್ಲೀನ್ ಮಾಡೋ ತಯಾರಿ ಬಗ್ಗೆ ಜಾಸ್ತಿ ಇದೆ, ಬೇಜಾರು ಮಾಡ್ಕೊಬೇಡಿ.

ಮೊದ್ಲು ದಾರಿ ಗೊತ್ತಿರ್ಲಿ

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಸ್ಕೋಪ್ ಹೋಗೋದು ಕೆಳಗಿಂದ, ಹಾಗಾಗಿ ನಾವೂ ಕೆಳಗಿಂದಾನೇ ಹೋಗೋಣ. ಗುದದ್ವಾರ ದಾಟಿದ್ರೆ ರೆಕ್ಟಮ್, ಅಂದ್ರೆ ಗುದನಾಳ, 12ರಿಂದ 15 ಸೆಂಟಿಮೀಟರ್. ಅದಾದ್ಮೇಲೆ ಹೊಟ್ಟೆಯ ಎಡಗಡೆ ಕೆಳಭಾಗದಲ್ಲಿ ಸಿಗ್ಮಾಯ್ಡ್, ಇದು ಅಂಕುಡೊಂಕಾಗಿ ಸುತ್ತಿಕೊಂಡಿರತ್ತೆ, ಸ್ಕೋಪ್ ದಾಟಿಸೋಕೆ ಕಷ್ಟ ಆಗೋದು, ಹೊಟ್ಟೆ ಹಿಡಿದ ಹಾಗೆ ಆಗೋದು ಹೆಚ್ಚಾಗಿ ಇಲ್ಲೇ. ಅಲ್ಲಿಂದ ಎಡಗಡೆ ನೇರ ಮೇಲಕ್ಕೆ ಡಿಸೆಂಡಿಂಗ್ ಕೋಲನ್ (ಮಲ ಇಳಿಯೋ ದಿಕ್ಕಿಗೆ ಇಟ್ಟ ಹೆಸರು, ಸ್ಕೋಪ್ ಮಾತ್ರ ಹತ್ತುತ್ತೆ), ಎಡ ಪಕ್ಕೆಲುಬಿನ ಕೆಳಗೆ ಗುಲ್ಮದ ಹತ್ತಿರ ಒಂದು ತಿರುವು, ಅದು ಸ್ಪ್ಲೀನಿಕ್ ಫ್ಲೆಕ್ಷರ್. ಆಮೇಲೆ ಹೊಟ್ಟೆಗೆ ಅಡ್ಡಡ್ಡ ಬಲಕ್ಕೆ ಹೋಗೋ ಟ್ರಾನ್ಸ್‌ವರ್ಸ್, ಲಿವರ್ ಕೆಳಗೆ ಇನ್ನೊಂದು ತಿರುವು, ಹೆಪಾಟಿಕ್ ಫ್ಲೆಕ್ಷರ್, ಅಲ್ಲಿಂದ ಬಲಗಡೆ ಅಸೆಂಡಿಂಗ್ ಕೋಲನ್ (ಇಲ್ಲಿ ಮಲ ಹತ್ತುತ್ತೆ, ಸ್ಕೋಪ್ ಇಳಿಯತ್ತೆ), ಕೊನೆಗೆ ಸೀಕಮ್. ಸೀಕಮ್‌ನಲ್ಲಿ ಎರಡು ಗುರುತು ಇರತ್ತೆ, ಒಂದು ಅಪೆಂಡಿಕ್ಸ್‌ನ ಬಾಯಿ, ಇನ್ನೊಂದು ಸಣ್ಣ ಕರುಳು ಬಂದು ಸೇರೋ ವಾಲ್ವ್. ಈ ಎರಡೂ ಕಂಡ್ರೆ ಮಾತ್ರ ಪೂರ್ತಿ ನೋಡಿದ್ದಾರೆ ಅಂತ ಅರ್ಥ, ರಿಪೋರ್ಟಲ್ಲಿ ಇವುಗಳ ಫೋಟೋ ಇರ್ಬೇಕು, ಇದು ಆಮೇಲೆ ಮತ್ತೆ ಬರತ್ತೆ.

ಪಾಲಿಪ್ ಈ ದಾರಿಲಿ ಎಲ್ಲಿ ಬೇಕಾದ್ರೂ ಆಗ್ಬಹುದು, ಆದ್ರೆ ಎಲ್ಲ ಕಡೆ ಒಂದೇ ಥರದ್ದು ಆಗಲ್ಲ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದೆ.

ರೆಕ್ಟಮ್ ಮತ್ತು ಸಿಗ್ಮಾಯ್ಡ್‌ನಲ್ಲಿ ಬಿಳಿಚಿಕೊಂಡಿರೋ ಪುಟ್ಟಪುಟ್ಟ ಗುಳ್ಳೆಗಳ ಥರದವು ಸಿಗತ್ವೆ, 5 ಮಿಲಿಮೀಟರ್ ಒಳಗೆ, ಕೆಲವ್ರಿಗೆ ಒಂದೇ ಕಡೆ ಐದಾರು. ಇವು ಹೆಚ್ಚಾಗಿ ಹೈಪರ್‌ಪ್ಲಾಸ್ಟಿಕ್ ಪಾಲಿಪ್, ಈ ಜಾಗದಲ್ಲಿ ಈ ಸೈಜಲ್ಲಿ ಇದ್ರೆ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ. ಸಿಗ್ಮಾಯ್ಡ್‌ನಲ್ಲೇ ಇನ್ನೊಂದು ಥರ ಇದೆ, ತೊಟ್ಟಿರೋ ಪಾಲಿಪ್, ಅಣಬೆ ಥರ ಉದ್ದ ತೊಟ್ಟು, ಮೇಲೆ ಕೆಂಪಗೆ ಊದಿದ ತಲೆ, ಮಲ ಹಾದು ಹೋಗುವಾಗ ಆ ಕಡೆ ಈ ಕಡೆ ಓಲಾಡ್ತಾ ಇರತ್ತೆ. ಇದು ದೊಡ್ಡದಾದ್ರೆ ಉಜ್ಜಿ ರಕ್ತ ಬರ್ಬಹುದು, ಜನ ಪೈಲ್ಸ್ ಅಂದ್ಕೊಂಡು ಮುಲಾಮು ಹಚ್ಕೊಂಡು ವರ್ಷಗಟ್ಟಲೆ ಕೂತಿರ್ತಾರೆ. 45 ದಾಟಿದವ್ರಿಗೆ ಮಲದಲ್ಲಿ ರಕ್ತ ಹೊಸದಾಗಿ ಶುರುವಾದ್ರೆ ಪೈಲ್ಸ್ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಪೈಲ್ಸ್ ಇದ್ರೂ ಅದರ ಮೇಲೆ ಇನ್ನೊಂದು ಇರ್ಬಹುದು. ಚಿಕ್ಕ ವಯಸ್ಸಿನೋರಿಗೂ ರಕ್ತ ನಿಲ್ದೇ ಬರ್ತಿದ್ರೆ ಹೋಗಿ ತೋರಿಸ್ಲೇಬೇಕು.

ಬಲಗಡೆ ಕಥೆ ಬೇರೆ. ಸೀಕಮ್ ಮತ್ತು ಅಸೆಂಡಿಂಗ್‌ನಲ್ಲಿ ಚಪ್ಪಟೆ ಪಾಲಿಪ್ ಜಾಸ್ತಿ, ಅದ್ರಲ್ಲೂ ಸೆಸೈಲ್ ಸೆರೇಟೆಡ್ ಅಂತ ಕರೆಯೋದು. ಇದು ಸುತ್ತಲಿನ ಒಳಪದರದ ಬಣ್ಣಾನೇ ಇರತ್ತೆ, ಅಂಚು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ, ಮೇಲೆ ತೆಳ್ಳಗೆ ಹಳದಿ ಲೋಳೆ ಅಂಟ್ಕೊಂಡಿರತ್ತೆ. ಅನುಭವ ಇರೋ ಡಾಕ್ಟ್ರು ಒಂದು ಕಡೆ ಮಾತ್ರ ಲೋಳೆ ಮೆತ್ಕೊಂಡಿದೆ, ಕೆಳಗಿರೋ ರಕ್ತನಾಳದ ಗೆರೆ ಅಲ್ಲಿ ಮಾತ್ರ ಮಸುಕಾಗಿದೆ ಅಂದ ತಕ್ಷಣ ಸ್ಕೋಪ್ ನಿಲ್ಲಿಸಿ ನೀರು ಚಿಮ್ಮಿಸಿ ತೊಳೆದು ನೋಡ್ತಾರೆ, ಆಗ ಅಡಿಯಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ ಪಾಲಿಪ್ ಮಲಗಿರೋದು ಕಾಣತ್ತೆ. ಅವಸರದಲ್ಲಿ ಬಂದೋರಿಗೆ ಅದು ಬರೀ ಕೊಳೆ. ಬಲಗಡೆ ಪಾಲಿಪ್ ಅಥವಾ ಗಡ್ಡೆಯಿಂದ ರಕ್ತ ಸೋರಿದ್ರೂ ಮಲದ ಜೊತೆ ಬೆರೆತು ಕಣ್ಣಿಗೆ ಬೀಳಲ್ಲ, ಹಿಮೋಗ್ಲೋಬಿನ್ ನಿಧಾನಕ್ಕೆ ಇಳಿಯೋದು, ಸುಸ್ತು, ಅಷ್ಟೇ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಾರಣ ಇಲ್ದೆ ಕಬ್ಬಿಣಾಂಶ ಕಮ್ಮಿ ಇದೆ ಅಂತ ಬಂದ್ರೆ ಕರುಳು ನೋಡಿಸಿ ಅಂತ ಡಾಕ್ಟ್ರು ಹೇಳೋದು ಇದಕ್ಕೇ.

ಅಡೆನೋಮಾ, ಅಂದ್ರೆ ಮುಂದೆ ಕ್ಯಾನ್ಸರ್ ಆಗೋ ಸಾಧ್ಯತೆ ಇರೋ ಥರದ ಪಾಲಿಪ್, ಎಲ್ಲ ಕಡೆ ಸಿಗತ್ತೆ, ಎಡಕ್ಕೂ ಬಲಕ್ಕೂ, ವಯಸ್ಸಾಗ್ತಾ ಬಲಗಡೆ ಪಾಲು ಜಾಸ್ತಿ ಆಗತ್ತೆ. ಮುಖ್ಯವಾಗಿ ಹುಡುಕೋದು ಇದನ್ನೇ. ಎಲ್ಲ ಅಡೆನೋಮಾನೂ ಕ್ಯಾನ್ಸರ್ ಆಗಲ್ಲ, ಹೆಚ್ಚಿನವು ಆಗೋದೇ ಇಲ್ಲ, ಆದ್ರೆ ಯಾವುದು ಆಗತ್ತೆ ಅಂತ ಮೇಲಿಂದ ನೋಡಿ ಹೇಳೋಕಾಗಲ್ಲವಾದ್ರಿಂದ ಸಿಕ್ಕಿದ್ದನ್ನ ತೆಗೆದುಬಿಡ್ತಾರೆ. 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದು, ಬಯಾಪ್ಸಿಲಿ ವಿಲ್ಲಸ್ (ಬೆರಳಿನ ಥರ ಚಾಚಿಕೊಂಡಿರೋ ರಚನೆ) ಅಂತ ಬಂದಿದ್ದು, ಹೈ ಗ್ರೇಡ್ ಡಿಸ್‌ಪ್ಲೇಸಿಯಾ (ಜೀವಕೋಶಗಳು ತುಂಬಾ ಬದಲಾಗಿರೋದು) ಇರೋದು, ಇವನ್ನ ಅಡ್ವಾನ್ಸ್ಡ್ ಅಡೆನೋಮಾ ಅಂತಾರೆ. ಅಡ್ವಾನ್ಸ್ಡ್ ಅಂದ್ರೆ ಕ್ಯಾನ್ಸರ್ ಅಂತಲ್ಲ, ಈ ಪದ ನೋಡಿ ರಾತ್ರಿಯೆಲ್ಲ ನಿದ್ದೆ ಬಿಟ್ಟೋರು ತುಂಬಾ ಜನ.

ಸಣ್ಣ ಕರುಳಲ್ಲಿ ಪಾಲಿಪ್ ಅಪರೂಪ, ಪ್ಯೂಟ್ಸ್ ಜೆಗರ್ಸ್ ಥರದ ವಂಶಪಾರಂಪರ್ಯ ಕಾಯಿಲೆಗಳಲ್ಲಿ ಆಗತ್ತೆ. ಕೊಲೊನೋಸ್ಕೋಪಿಲಿ ಸಣ್ಣ ಕರುಳಿನ ಕೊನೇ ತುದಿ ಮಾತ್ರ ನೋಡೋಕಾಗತ್ತೆ, ಮಿಕ್ಕಿದ್ದಕ್ಕೆ ಕ್ಯಾಪ್ಸೂಲ್ ಎಂಡೋಸ್ಕೋಪಿ (ಮಾತ್ರೆ ಥರ ನುಂಗೋ ಪುಟ್ಟ ಕ್ಯಾಮೆರಾ) ಥರ ಬೇರೆ ಟೆಸ್ಟ್ ಇದೆ.

ಯಾರು, ಯಾವಾಗ

ಮನೇಲಿ ಯಾರಿಗೂ ಇಲ್ಲ, ತೊಂದ್ರೆನೂ ಇಲ್ಲ ಅನ್ನೋರಿಗೆ ಅಮೆರಿಕದಲ್ಲಿ 2021ರಲ್ಲಿ ಶುರು ಮಾಡೋ ವಯಸ್ಸನ್ನ 50ರಿಂದ 45ಕ್ಕೆ ಇಳಿಸಿದ್ರು, 50ಕ್ಕೆ ಶುರು ಮಾಡೋ ದೇಶಗಳೂ ಇವೆ. ಅಪ್ಪ, ಅಮ್ಮ, ಒಡಹುಟ್ಟಿದೋರು, ಮಕ್ಕಳು ಇವರಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಬಂದಿದ್ರೆ 40ಕ್ಕೆ, ಇಲ್ಲಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದ್ಲು, ಇದರಲ್ಲಿ ಯಾವುದು ಮೊದ್ಲು ಬರತ್ತೋ ಆಗ. ಎಫ್‌ಎಪಿ ಅನ್ನೋ ಕಾಯಿಲೆ ಇರೋ ಕುಟುಂಬಗಳಲ್ಲಿ ನೂರಾರು, ಸಾವಿರಾರು ಪಾಲಿಪ್ ಆಗತ್ತೆ, ಅಲ್ಲಿ 10–12 ವರ್ಷದ ಮಕ್ಕಳಿಂದಾನೇ ನೋಡೋಕೆ ಶುರು ಮಾಡ್ತಾರೆ. ಕರುಳಿನ ಕ್ಯಾನ್ಸರ್ ರಿಸ್ಕ್ ಹೆಚ್ಚಿಸೋ ಇನ್ನೊಂದು ವಂಶಪಾರಂಪರ್ಯ ತೊಂದ್ರೆ ಲಿಂಚ್ ಸಿಂಡ್ರೋಮ್, ಅದು ಇದ್ರೆ 20–25ರಿಂದ. ಅಲ್ಸರೇಟಿವ್ ಕೊಲೈಟಿಸ್ ಥರ ಕರುಳಿನ ಉರಿಯೂತ ತುಂಬಾ ವರ್ಷದಿಂದ ಇರೋರಿಗೂ ಬೇರೆ ಲೆಕ್ಕ, ಅವರ ಡಾಕ್ಟ್ರನ್ನೇ ಕೇಳ್ಬೇಕು.

ನೇರ ಕೊಲೊನೋಸ್ಕೋಪಿನೇ ಬೇಕಾ ಅಂದ್ರೆ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕೋ ಫಿಟ್ ಟೆಸ್ಟ್ ಕೂಡ ಒಳ್ಳೇದೇ, ವರ್ಷಕ್ಕೋ ಎರಡು ವರ್ಷಕ್ಕೋ ಒಂದ್ಸಲ ಮಾಡ್ಬೇಕು. ಅದು ಕ್ಯಾನ್ಸರ್ ಹಿಡಿಯೋದ್ರಲ್ಲಿ ಗಟ್ಟಿ, ಪಾಲಿಪ್ ಹಿಡಿಯೋದ್ರಲ್ಲಿ ವೀಕು, ಯಾಕಂದ್ರೆ ಪಾಲಿಪ್ ಎಲ್ಲ ರಕ್ತ ಸೋರಿಸಲ್ಲ, ಚಪ್ಪಟೆದು ಅಂತೂ ಇನ್ನೂ ಕಮ್ಮಿ. ಫಿಟ್ ಪಾಸಿಟಿವ್ ಬಂದ್ರೆ ಇನ್ನೊಂದ್ಸಲ ಫಿಟ್ ಮಾಡಿ ನೆಗೆಟಿವ್ ಬರತ್ತಾ ನೋಡೋಣ ಅನ್ನೋದು ದಂಡ, ಕೊಲೊನೋಸ್ಕೋಪಿಗೇ ಹೋಗ್ಬೇಕು.

ಪ್ರೆಪ್: ನಿಮ್ಮ ಪಾಲಿನ ಕೆಲಸ

ಒಂದು ವಾರ ಮೊದ್ಲೇ ನೀವು ತಗೋತಿರೋ ಎಲ್ಲ ಮಾತ್ರೆಗಳ ಲಿಸ್ಟ್ ಡಾಕ್ಟ್ರಿಗೆ ತೋರಿಸಿ. ಕಬ್ಬಿಣದ ಮಾತ್ರೆ 5–7 ದಿನ ಮುಂಚೆನೇ ನಿಲ್ಲಿಸ್ತಾರೆ, ಅದು ಮಲವನ್ನ ಕಪ್ಪಗೆ ಅಂಟಂಟು ಮಾಡಿ ಗೋಡೆಗೆ ಮೆತ್ತಿಬಿಡತ್ತೆ. ರಕ್ತ ತೆಳು ಮಾಡೋ ಮಾತ್ರೆ ವಿಷಯದಲ್ಲಿ ಸ್ವಂತ ಬುದ್ಧಿ ಬೇಡವೇ ಬೇಡ. ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಸಿ ಅಂತಾರೆ, ಕ್ಲೋಪಿಡೋಗ್ರೆಲ್, ವಾರ್ಫರಿನ್ ಅಂಥವು ನಿಲ್ಲಿಸ್ಬೇಕಾ, ಎಷ್ಟು ದಿನ ಅನ್ನೋದನ್ನ ಹಾರ್ಟ್ ಡಾಕ್ಟ್ರೂ ಸ್ಕೋಪ್ ಮಾಡೋ ಡಾಕ್ಟ್ರೂ ಸೇರಿ ಹೇಳ್ಬೇಕು, ಸ್ಟೆಂಟ್ ಹಾಕಿಸ್ಕೊಂಡಿರೋರು ತಾವಾಗೇ ನಿಲ್ಲಿಸಿದ್ರೆ ಪ್ರಾಣಕ್ಕೇ ಬರ್ಬಹುದು. ಶುಗರ್ ಇರೋರು ಇನ್ಸುಲಿನ್ ಡೋಸ್ ಕೇಳಿ ಬರೆಸ್ಕೊಳ್ಳಿ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂಥ ಮಾತ್ರೆ ತಗೊಳ್ಳೋರು ಅದನ್ನ ಹೆಸರು ಹಿಡಿದೇ ಕೇಳಿ, ಸಾಮಾನ್ಯವಾಗಿ 3–4 ದಿನ ಮೊದ್ಲೇ ನಿಲ್ಲಿಸೋಕೆ ಹೇಳ್ತಾರೆ. ಕಿಡ್ನಿ ತೊಂದ್ರೆ ಇದ್ರೆ ಮುಚ್ಚಿಡ್ಬೇಡಿ, ಸೋಡಿಯಂ ಫಾಸ್ಫೇಟ್ ಇರೋ ಭೇದಿ ಔಷಧಿ ಅಂಥವ್ರಿಗೆ ಆಗಲ್ಲ, ಪೆಗ್ ಅಂತ ಕರೆಯೋ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕೊಡ್ತಾರೆ. ಮಲಬದ್ಧತೆ ಇರೋರು ಅದನ್ನೂ ಹೇಳಿ, ಮಾಮೂಲಿ ಡೋಸ್ ಸಾಲ್ದೇ ಹೋಗ್ಬಹುದು.

ಎರಡು ಮೂರು ದಿನ ಮೊದ್ಲಿಂದ ನಾರು ಕಮ್ಮಿ ಇರೋ ಊಟ: ಬೀಜ, ಕಾಳು, ಸಿಪ್ಪೆ, ಸೊಪ್ಪು, ಹಸಿ ತರಕಾರಿ ಬೇಡ. ಪುಟ್ಟ ಬೀಜ ಒಂದು ಸ್ಕೋಪ್ ಪೈಪಲ್ಲಿ ಸಿಕ್ಕಿಹಾಕ್ಕೊಂಡ್ರೆ ನೀರು ಎಳೆಯೋದೇ ನಿಂತುಹೋಗತ್ತೆ, ನೀವು ಎಷ್ಟೇ ಔಷಧಿ ಕುಡಿದಿದ್ರೂ ಬೀಜ ಮಾತ್ರ ಕರಗಲ್ಲ. ಹಿಂದಿನ ದಿನ ಹೆಚ್ಚಾಗಿ ಬರೀ ತಿಳಿ ದ್ರವ. ಕೆಂಪು, ನೇರಳೆ ಬಣ್ಣದ ಪಾನೀಯ ಮುಟ್ಬೇಡಿ, ಒಳಗೆ ನೋಡೋವಾಗ ರಕ್ತದ ಹಾಗೆ ಕಾಣತ್ತೆ.

ಈಗ ಮುಖ್ಯ ವಿಷಯ, ಕರುಳು ಕ್ಲೀನ್ ಮಾಡೋ ಭೇದಿ ಔಷಧಿನ ಎರಡು ಭಾಗ ಮಾಡಿ ಕುಡಿಯೋದು. ಹಿಂದಿನ ಸಂಜೆ ಅರ್ಧ, ಟೆಸ್ಟ್‌ಗೆ 4ರಿಂದ 6 ಗಂಟೆ ಮೊದ್ಲು ಇನ್ನರ್ಧ ಶುರು ಮಾಡಿ, ಟೆಸ್ಟ್‌ಗೆ ಕನಿಷ್ಠ 2 ಗಂಟೆ ಇದೆ ಅನ್ನೋವಾಗ ಪೂರ್ತಿ ಮುಗಿಸಿಬಿಡ್ಬೇಕು (ನಿಮ್ಮ ಅರಿವಳಿಕೆ ಡಾಕ್ಟ್ರು ಬೇರೆ ಟೈಮ್ ಹೇಳಿದ್ರೆ ಅದೇ ಫೈನಲ್). ಬೆಳಗ್ಗೆ 8ಕ್ಕೆ ಟೆಸ್ಟ್ ಇದ್ರೆ ರಾತ್ರಿ ಮೂರಕ್ಕೆ ಏಳ್ಬೇಕಾಗತ್ತೆ, ಎಲ್ರೂ ಇಲ್ಲೇ ಎಡವೋದು, "ಸಂಜೆನೇ ಎಲ್ಲ ಹೋಯ್ತಲ್ಲ, ನೀರಾಗೇ ಬರ್ತಿದೆ, ಇನ್ಯಾಕೆ" ಅಂತ ಎರಡನೇ ಭಾಗ ಕುಡಿಯದೇ ಮಲಗಿಬಿಡ್ತಾರೆ. ರಾತ್ರಿ ನೀವು ಮಲಗಿದ್ರೂ ಸಣ್ಣ ಕರುಳು ಮಲಗಲ್ಲ, ಪಿತ್ತ, ಜೀರ್ಣರಸ ಎಲ್ಲ ವಾಲ್ವ್ ದಾಟಿ ಬಂದು ಸೀಕಮ್, ಅಸೆಂಡಿಂಗ್ ಗೋಡೆಗೆ ಹಳದಿ ಪದರವಾಗಿ ಅಂಟ್ಕೊಳತ್ತೆ. ಅಂದ್ರೆ ಚಪ್ಪಟೆ ಪಾಲಿಪ್ ಹಳದಿ ಲೋಳೆ ಹೊದ್ದು ಮಲಗೋ ಜಾಗಕ್ಕೇ ನೀವು ಇನ್ನಷ್ಟು ಹಳದಿ ಬಳಿದು ಕಳಿಸಿದ ಹಾಗಾಯ್ತು. ಅದಕ್ಕೇ ಹೇಳೋದು, ಎಡಗಡೆ ಕ್ಲೀನ್ ಮಾಡೋದು ಮೊದಲನೇ ಭಾಗ, ಬಲಗಡೆ ಉಳಿಸೋದು ಎರಡನೇ ಭಾಗ.

ಕುಡಿಯೋಕೆ ರುಚಿ ಚೆನ್ನಾಗಿರಲ್ಲ, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಫ್ರಿಡ್ಜಲ್ಲಿ ತಣ್ಣಗೆ ಮಾಡಿ, ಸ್ಟ್ರಾ ಹಾಕಿ ನಾಲಿಗೆ ಹಿಂದಕ್ಕೆ ಎಳ್ಕೊಂಡು ಕುಡಿದ್ರೆ ಸ್ವಲ್ಪ ತಡಿಯತ್ತೆ. 10–15 ನಿಮಿಷಕ್ಕೊಂದು ಲೋಟ, ವಾಕರಿಕೆ ಬಂದ್ರೆ ಅರ್ಧ ಗಂಟೆ ಬಿಟ್ಟು ಮತ್ತೆ, ನಡುನಡುವೆ ಓಡಾಡಿ. ಚರ್ಮ ಉರಿ ಆಗದೇ ಇರೋಕೆ ವ್ಯಾಸಲೀನ್ ಮೊದ್ಲೇ ಹಚ್ಕೊಂಡಿರಿ. ಮುಗೀತು ಅಂತ ಗೊತ್ತಾಗೋದು ಹೇಗೆ ಅಂದ್ರೆ, ಬರೋದು ತಿಳಿ ಹಳದಿ ನೀರಾಗಿ ಅದರಲ್ಲಿ ಕಮೋಡ್ ತಳ ಕಾಣ್ಬೇಕು. ಕಂದು ನೀರು, ರಾಡಿ, ಚೂರುಗಳು ಇನ್ನೂ ಇದ್ರೆ ಆಸ್ಪತ್ರೆಗೆ ಹೋದ ತಕ್ಷಣ ನರ್ಸ್‌ಗೆ ಹೇಳಿಬಿಡಿ, ನಾಚಿಕೆ ಪಡ್ಬೇಡಿ, ಅವರು ಇನ್ನೊಂದು ಡೋಸ್ ಅಥವಾ ಎನಿಮಾ ಕೊಟ್ಟು ಸ್ವಲ್ಪ ತಡ ಮಾಡಿ ತಗೋಬಹುದು. ಹೇಳದೇ ಒಳಗೆ ಹೋದ್ರೆ ಅರ್ಧಂಬರ್ಧ ಟೆಸ್ಟ್ ಆಗಿ ಮತ್ತೆ ಇದೇ ಔಷಧಿ ಮೊದ್ಲಿಂದ ಕುಡಿಯೋ ಯೋಗ ಬರತ್ತೆ. ತಡಿಯಕ್ಕಾಗದ ವಾಂತಿ, ಜೋರು ಹೊಟ್ಟೆನೋವು, ತಲೆಸುತ್ತಿ ಬೀಳೋ ಹಾಗಾಗೋದು, ಇಂಥದ್ದಾದ್ರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ.

ಒಳಗೆ ಏನು ನಡೆಯತ್ತೆ

ಎಡ ಮಗ್ಗುಲಿಗೆ ಮಲಗಿಸಿ, ಮಂಡಿ ಮಡಚಿಸಿ, ಕೈಗೆ ಸೂಜಿ ಹಾಕಿ ಮಂಪರು ಬರೋ ಔಷಧಿ ಕೊಡ್ತಾರೆ. ಸ್ಕೋಪ್ ಬೆರಳಿಗಿಂತ ಸಣ್ಣ ಪೈಪು, ದಪ್ಪ ಸುಮಾರು 12–13 ಮಿಲಿಮೀಟರ್. ಕರುಳು ಮುಚ್ಕೊಂಡಿರೋದ್ರಿಂದ ಗಾಳಿ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿ ಅಗಲ ಮಾಡ್ತಾರೆ, ಕಾರ್ಬನ್ ಡೈಆಕ್ಸೈಡ್ ಆದ್ರೆ ಬೇಗ ಹೀರ್ಕೊಂಡು ಹೋಗತ್ತೆ, ಆಮೇಲೆ ಹೊಟ್ಟೆ ಉಬ್ಬರ ಕಮ್ಮಿ. ಸಿಗ್ಮಾಯ್ಡ್ ಸುತ್ತಿಕೊಂಡು ಸ್ಕೋಪ್ ಮುಂದೆ ಹೋಗದೇ ಇದ್ದಾಗ ನರ್ಸ್ ಹೊಟ್ಟೆ ಒತ್ತಿ ಹಿಡೀತಾರೆ, ಇಲ್ಲಾ ನಿಮ್ಮನ್ನ ಅಂಗಾತ ತಿರುಗಿಸ್ತಾರೆ.

ಹೋಗುವಾಗ ಗುರಿ ಸೀಕಮ್ ಮುಟ್ಟೋದು, ಅಷ್ಟೇ. ಪಾಲಿಪ್ ಹುಡುಕೋದು ವಾಪಸ್ ಬರುವಾಗ. ಹಾಗಾಗಿ ಎಷ್ಟು ಬೇಗ ಮುಗಿಸಿದ್ರು ಅನ್ನೋದು ಹೆಚ್ಚುಗಾರಿಕೆ ಏನಲ್ಲ. ಸೀಕಮ್‌ನಿಂದ ಹೊರಗೆ ಬರೋಕೆ ಕನಿಷ್ಠ 6 ನಿಮಿಷನಾದ್ರೂ ತಗೋಬೇಕು ಅಂತ ತುಂಬಾ ವರ್ಷದಿಂದ ನಿಯಮ ಇತ್ತು, 2024ರಲ್ಲಿ ಅಮೆರಿಕದ ಸಂಘಗಳು ಅದನ್ನ 8 ನಿಮಿಷಕ್ಕೆ ಏರಿಸಿದ್ವು. ಪಾಲಿಪ್ ತೆಗೆಯೋ ಟೈಮ್ ಇದ್ರಲ್ಲಿ ಸೇರಲ್ಲ, ಬರೀ ನೋಡೋಕೆ.

ಎಲ್ಲಿ ತಪ್ಪಿಸ್ಕೊಳತ್ತೆ ಅಂದ್ರೆ ಮಡಿಕೆಗಳ ಹಿಂದೆ. ಕರುಳಿನ ಒಳಗೋಡೇಲಿ ಅಡ್ಡಡ್ಡ ಮಡಿಕೆ ಇರತ್ತೆ, ಕ್ಯಾಮೆರಾ ನೋಡೋದು ಮುಂದಕ್ಕೆ, ಮಡಿಕೆಯ ಆಚೆ ಬದಿ ಕಾಣಲ್ಲ. ಡಾಕ್ಟ್ರು ತುದಿಯಿಂದ ಒಂದೊಂದೇ ಮಡಿಕೆ ಒತ್ತಿ ಹಿಂದೆ ಇಣುಕಬೇಕು, ನಿಂತಿರೋ ನೀರು ಎಳೀಬೇಕು, ಕೊಳೆ ತೊಳೀಬೇಕು. ಎರಡು ತಿರುವುಗಳಲ್ಲಿ ಸ್ಕೋಪ್ ಸರ್ರಂತ ಜಾರಿ ಬಂದುಬಿಡತ್ತೆ, ಒಳ ಮಗ್ಗುಲು ಕಾಣದೇ ಹೋಗತ್ತೆ, ಅದಕ್ಕೆ ಮತ್ತೆ ಒಳಗೆ ಹೋಗಿ ನೋಡೋದು. ಬಲಗಡೆ ಭಾಗವನ್ನ ಎರಡನೇ ಸಲ ನೋಡೋದು ಒಳ್ಳೇ ಅಭ್ಯಾಸ, ಕೊನೆಗೆ ರೆಕ್ಟಮ್‌ನಲ್ಲಿ ಸ್ಕೋಪ್ ತುದಿನ ಹಿಂದಕ್ಕೆ ಮಡಚಿ ಗುದದ್ವಾರದ ಒಳಅಂಚನ್ನೂ ನೋಡ್ತಾರೆ. ಇಷ್ಟೆಲ್ಲ ಮಾಡಿದ್ರೂ ಒಬ್ಬರಿಗೇ ಒಂದರ ಹಿಂದೆ ಒಂದು ಎರಡು ಸಲ ಸ್ಕೋಪ್ ಮಾಡಿ ಹೋಲಿಸಿದ ಅಧ್ಯಯನಗಳಲ್ಲಿ ಅಡೆನೋಮಾಗಳಲ್ಲಿ ನಾಲ್ಕರಲ್ಲಿ ಒಂದರಷ್ಟು ಮೊದಲನೇ ಸಲ ತಪ್ಪಿಹೋಗಿರೋದು ಕಂಡಿದೆ, ಅದರಲ್ಲಿ ಹೆಚ್ಚಿನವು ಪುಟ್ಟವು, ದೊಡ್ಡವು ತಪ್ಪೋದು ತುಂಬಾ ಕಮ್ಮಿ.

ಸಹಾಯಕ್ಕೆ ಸಲಕರಣೆಗಳಿವೆ. ನೀಲಿ-ಹಸಿರು ಬೆಳಕಲ್ಲಿ ರಕ್ತನಾಳದ ವಿನ್ಯಾಸ ಎದ್ದು ಕಾಣೋ ಹಾಗೆ ಮಾಡೋ ಎನ್‌ಬಿಐ, ಗೋಡೆ ಮೇಲೆ ನೀಲಿ ಬಣ್ಣ ಸಿಂಪಡಿಸೋದು, ಸ್ಕೋಪ್ ತುದಿಗೆ ಹಾಕೋ ಪಾರದರ್ಶಕ ಕ್ಯಾಪ್, ಈಗ ಸಂಶಯದ ಜಾಗದ ಸುತ್ತ ಮಾನಿಟರ್ ಮೇಲೆ ಚೌಕ ಹಾಕಿ ತೋರಿಸೋ ಎಐ ಕೂಡ ಬಂದಿದೆ. ನನ್ನ ಪ್ರಕಾರ ಎಐ ಇದೆಯಾ ಅಂತ ಕೇಳೋದಕ್ಕಿಂತ ಡಾಕ್ಟ್ರ ಎಡಿಆರ್ ಎಷ್ಟು ಅಂತ ಕೇಳೋದು ಮೇಲು, ಎಐ ಕೂಡ ಕ್ಯಾಮೆರಾಗೆ ಬಿದ್ದಿದ್ದನ್ನೇ ತೋರಿಸೋದು, ಮಡಿಕೆ ಹಿಂದೆ ಇರೋದನ್ನಲ್ಲ. ಎಡಿಆರ್ ಅಂದ್ರೆ ಆ ಡಾಕ್ಟ್ರು ಸ್ಕೋಪ್ ಮಾಡಿದ ನೂರು ಜನರಲ್ಲಿ ಎಷ್ಟು ಜನಕ್ಕೆ ಒಂದಾದ್ರೂ ಅಡೆನೋಮಾ ಹಿಡಿದ್ರು ಅನ್ನೋ ಲೆಕ್ಕ. ಅಮೆರಿಕದಲ್ಲಿ ಕನಿಷ್ಠ 25 ಇರ್ಲಿ ಅಂತಿದ್ದಿದ್ದನ್ನ 2024ರಲ್ಲಿ 35 ಮಾಡಿದ್ರು. 2014ರಲ್ಲಿ ಬಂದ ದೊಡ್ಡ ಅಧ್ಯಯನ ಒಂದರಲ್ಲಿ ಎಡಿಆರ್ ಒಂದು ಪರ್ಸೆಂಟ್ ಹೆಚ್ಚಾದ ಹಾಗೆ ಆಮೇಲೆ ಕ್ಯಾನ್ಸರ್ ಬರೋ ರಿಸ್ಕ್ 3 ಪರ್ಸೆಂಟ್ ಇಳಿಯೋದು ಕಂಡಿತ್ತು. ಕೇಳಿದ್ರೆ ಎಲ್ರೂ ಹೇಳ್ತಾರೆ ಅಂತ ಗ್ಯಾರಂಟಿ ಇಲ್ಲ, ಕೇಳೋದ್ರಲ್ಲಿ ತಪ್ಪಿಲ್ಲ.

ಸಿಕ್ಕಿದ ಪಾಲಿಪ್ ಹೆಚ್ಚಾಗಿ ಅಲ್ಲೇ ತೆಗೆದುಬಿಡ್ತಾರೆ. 1969ರಲ್ಲಿ ನ್ಯೂಯಾರ್ಕಲ್ಲಿ ಹಿರೋಮಿ ಶಿನ್ಯಾ, ವಿಲಿಯಂ ವುಲ್ಫ್ ಇಬ್ರೂ ಸ್ಕೋಪ್ ಮೂಲಕ ತಂತಿ ಕುಣಿಕೆ ಹಾಕಿ ಪಾಲಿಪ್ ತೆಗೆಯೋದನ್ನ ಶುರು ಮಾಡೋ ತನಕ ಮೇಲ್ಗಡೆ ಇರೋ ಪಾಲಿಪ್‌ಗೆ ಹೊಟ್ಟೆ ಕುಯ್ಯೋದೇ ದಾರಿ. ಈಗಲೂ ಅದೇ ಕುಣಿಕೆ: 10 ಮಿಲಿಮೀಟರ್ ಒಳಗಿಂದಾದ್ರೆ ಕರೆಂಟ್ ಹಾಕದೇ ಸುತ್ತ ಸ್ವಲ್ಪ ಒಳ್ಳೇ ಪದರನೂ ಸೇರಿಸಿ ಬಿಗಿದು ಕತ್ತರಿಸ್ತಾರೆ, ಕತ್ತರಿಸಿದ್ದು ನೋವಾಗಲ್ಲ, ಆ ಪದರಕ್ಕೆ ಕತ್ತರಿಸೋ ನೋವು ಗೊತ್ತಾಗಲ್ಲ, ಗಾಳಿ ತುಂಬಿ ಹಿಗ್ಗಿದ್ರೆ ಮಾತ್ರ ಗೊತ್ತಾಗೋದು. ದೊಡ್ಡ ಚಪ್ಪಟೆ ಪಾಲಿಪ್ ಆದ್ರೆ ಕೆಳಗೆ ದ್ರವ ಚುಚ್ಚಿ ಮೇಲೆತ್ತಿ ತೆಗೀತಾರೆ, ಇಲ್ಲಾ ಇವತ್ತು ಬೇಡ ಅಂತ ಹತ್ತಿರದಲ್ಲಿ ಕಪ್ಪು ಇಂಕಲ್ಲಿ ಗುರುತು ಹಾಕಿ ಅದ್ರಲ್ಲಿ ಪಳಗಿರೋರ ಹತ್ರ ಕಳಿಸ್ತಾರೆ. ಹಂಗೆ ಕಳಿಸಿದ್ರೆ ಡಾಕ್ಟ್ರಿಗೆ ಬರಲ್ಲ ಅಂದ್ಕೊಬೇಡಿ, ಅರ್ಧ ಕಿತ್ತು ಬಿಟ್ರೆ ಆ ಜಾಗ ಗಾಯದ ಕಲೆಯಾಗಿ ಮುಂದಿನೋರಿಗೆ ತೆಗೆಯೋದು ತುಂಬಾ ಕಷ್ಟ.

ರಿಪೋರ್ಟ್ ಓದೋದು

ಮಂಪರು ಇಳಿಯೋ ಮೊದ್ಲೇ ಡಾಕ್ಟ್ರು ಬಂದು ಹೇಳಿ ಹೋಗಿರ್ತಾರೆ, ನಿಮಗೆ ಒಂದೂ ನೆನಪಿರಲ್ಲ, ಜೊತೆಗೆ ಬಂದಿರೋರಿಗೆ ಕೇಳಿಸ್ಕೊಳ್ಳೋಕೆ ಹೇಳಿ. ರಿಪೋರ್ಟ್ ಕೈಗೆ ಬಂದ್ಮೇಲೆ ಮೊದ್ಲು ನೋಡ್ಬೇಕಾಗಿರೋದು ಸೀಕಮ್ ತಲುಪಿದ್ರಾ, ಅಪೆಂಡಿಕ್ಸ್ ಬಾಯಿ, ವಾಲ್ವ್ ಫೋಟೋ ಇದೆಯಾ. ಆಮೇಲೆ ಪ್ರೆಪ್ ಹೇಗಿತ್ತು. ಬೋಸ್ಟನ್ ಸ್ಕೋರ್ ಅಂತ ಇದ್ರೆ ಬಲ, ನಡು, ಎಡ ಮೂರು ಭಾಗಕ್ಕೂ 0ರಿಂದ 3 ಮಾರ್ಕ್ಸ್ ಕೊಟ್ಟಿರ್ತಾರೆ, ಒಟ್ಟು 9ಕ್ಕೆ. ಒಟ್ಟು ನೋಡಿ ಖುಷಿ ಪಡ್ಬೇಡಿ, ಪ್ರತಿ ಭಾಗಕ್ಕೂ ಕನಿಷ್ಠ 2 ಇರ್ಬೇಕು. ಎಡಕ್ಕೆ 3, ನಡುಗೆ 3, ಬಲಕ್ಕೆ 1 ಬಂದಿದ್ರೆ ಒಟ್ಟು 7, ನೋಡೋಕೆ ಚೆನ್ನಾಗಿದೆ, ಆದ್ರೆ ಬಲಗಡೆ ಸರಿಯಾಗಿ ನೋಡೇ ಇಲ್ಲ ಅಂತಾನೇ ಲೆಕ್ಕ, "ಪಾಲಿಪ್ ಇಲ್ಲ" ಅಂತ ಬರೆದಿದ್ರೂ ಒಂದು ವರ್ಷದೊಳಗೆ ಮತ್ತೆ ಮಾಡಿಸ್ಬೇಕು.

ಪಾಲಿಪ್ ಸಿಕ್ಕಿದ್ರೆ ಒಂದೊಂದಕ್ಕೂ ಒಂದು ಸಾಲು ಇರತ್ತೆ, "ಅಸೆಂಡಿಂಗ್, 6 ಎಂಎಂ, ಸೆಸೈಲ್, ಕೋಲ್ಡ್ ಸ್ನೇರ್, ರಿಟ್ರೀವ್ಡ್" ಅಂತ. ಅಂದ್ರೆ ಬಲಗಡೆ ಮೇಲಕ್ಕೆ ಹೋಗೋ ಭಾಗದಲ್ಲಿ, 6 ಮಿಲಿಮೀಟರ್, ತೊಟ್ಟಿಲ್ಲದೆ ಗೋಡೆಗೇ ಕೂತಿರೋದು, ಕರೆಂಟ್ ಇಲ್ಲದ ಕುಣಿಕೇಲಿ ಕತ್ತರಿಸಿದ್ದು, ತುಂಡು ಸಿಕ್ಕಿ ಬಯಾಪ್ಸಿಗೆ ಕಳಿಸಿದ್ದು. ತೊಟ್ಟಿದ್ರೆ ಪೆಡಂಕ್ಯುಲೇಟೆಡ್. ಜಾಗವನ್ನ ಬರೀ "60 ಸೆಂಟಿಮೀಟರ್‌ನಲ್ಲಿ" ಅಂತ ಬರೆದಿದ್ರೆ ಯಾವ ಭಾಗ ಅಂತ ಕೇಳಿ, ಸ್ಕೋಪ್ ಸುತ್ತಿಕೊಂಡಿದ್ರೆ ಒಂದು ಅಳತೆ, ನೇರ ಇದ್ರೆ ಇನ್ನೊಂದು, ಸೀಕಮ್‌ಗೇ ನೇರ ಮಾಡಿದ ಸ್ಕೋಪ್ 70–80 ಸೆಂಟಿಮೀಟರಲ್ಲಿ ತಲುಪಿಬಿಡತ್ತೆ.

ಬಯಾಪ್ಸಿ ಬಂದ್ಮೇಲೇ ಮುಂದಿನ ಡೇಟು. ಅಮೆರಿಕದ 2020ರ ಪಟ್ಟಿ ಪ್ರಕಾರ, ಏನೂ ಸಿಗದೇ ಪ್ರೆಪ್ ಚೆನ್ನಾಗಿದ್ರೆ 10 ವರ್ಷ. 10 ಮಿಲಿಮೀಟರ್‌ಗಿಂತ ಚಿಕ್ಕ ಟ್ಯೂಬುಲರ್ (ಕೊಳವೆ ಥರ ರಚನೆಯ, ಮಾಮೂಲಿ ಥರದ) ಅಡೆನೋಮಾ ಒಂದೋ ಎರಡೋ ಇದ್ರೆ 7–10 ವರ್ಷ, 3–4 ಇದ್ರೆ 3–5 ವರ್ಷ, 5–10 ಇದ್ರೆ ಅಥವಾ ಒಂದೇ ಆದ್ರೂ 10 ಮಿಲಿಮೀಟರ್ ಮುಟ್ಟಿದ್ರೆ 3 ವರ್ಷ, 10ಕ್ಕಿಂತ ಜಾಸ್ತಿ ಅಡೆನೋಮಾ ಇದ್ರೆ 1 ವರ್ಷ. 20 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದನ್ನ ಚೂರುಚೂರಾಗಿ ತೆಗೆದಿದ್ರೆ 6 ತಿಂಗಳಿಗೆ ಆ ಜಾಗ ನೋಡ್ಲೇಬೇಕು. ಬೇರೆ ದೇಶಗಳ ಪಟ್ಟಿಲಿ ಅವಧಿ ಸ್ವಲ್ಪ ಆಚೀಚೆ ಇರತ್ತೆ. ರೆಕ್ಟಮ್-ಸಿಗ್ಮಾಯ್ಡ್‌ನ ಪುಟ್ಟ ಹೈಪರ್‌ಪ್ಲಾಸ್ಟಿಕ್ ಮಾತ್ರ ಇದ್ದೋರಿಗೆ ಪ್ರತಿ ವರ್ಷ ಸ್ಕೋಪ್ ಮಾಡಿಸಿ ಅಂದ್ರೆ ಯಾಕೆ ಅಂತ ಕೇಳಿ.

ಮನೆಗೆ ಬಂದ್ಮೇಲೆ

ಆ ದಿನ ಗಾಡಿ ಓಡಿಸ್ಬೇಡಿ, ಕಾಗದ ಪತ್ರಕ್ಕೆ ಸೈನ್ ಹಾಕ್ಬೇಡಿ, 24 ಗಂಟೆ. ಗಾಳಿ ಹೋಗೋದು, ಸ್ವಲ್ಪ ಹಿಡಿದ ಹಾಗಾಗೋದು ಮಾಮೂಲಿ. ಕರುಳು ತೂತಾಗೋ ಸಾಧ್ಯತೆ ಬರೀ ನೋಡೋ ಟೆಸ್ಟಲ್ಲಿ ಸಾವಿರಕ್ಕೆ ಒಂದಕ್ಕಿಂತಲೂ ಕಮ್ಮಿ, ದೊಡ್ಡ ಪಾಲಿಪ್ ತೆಗೆದಿದ್ರೆ ಜಾಸ್ತಿ ಆಗತ್ತೆ. ಹೊಟ್ಟೆ ಕಲ್ಲಿನಂಗೆ ಬಿಗಿದು ನೋವು ಏರ್ತಾ ಹೋದ್ರೆ, ಜ್ವರ ಬಂದ್ರೆ, ಮತ್ತೆ ಮತ್ತೆ ರಕ್ತ ಹೋದ್ರೆ ರಾತ್ರಿ ಎಷ್ಟೇ ಹೊತ್ತಾಗಿರ್ಲಿ ಎಮರ್ಜೆನ್ಸಿಗೆ ಹೋಗಿ. ಪಾಲಿಪ್ ತೆಗೆಸ್ಕೊಂಡೋರಿಗೆ ರಕ್ತ ಎರಡು ವಾರದ ತನಕ ಯಾವಾಗ ಬೇಕಾದ್ರೂ ಶುರುವಾಗ್ಬಹುದು, ದೂರದ ಪ್ರಯಾಣ ಇದ್ರೆ ಡಾಕ್ಟ್ರನ್ನ ಕೇಳಿ ಇಟ್ಕೊಳ್ಳಿ, ರಕ್ತ ತೆಳು ಮಾಡೋ ಮಾತ್ರೆ ಯಾವತ್ತಿಂದ ಮತ್ತೆ ಶುರು ಅಂತಾನೂ ಅವತ್ತೇ ಬರೆಸ್ಕೊಳ್ಳಿ.

ಸ್ಕೋಪ್ ರಿಪೋರ್ಟ್ ಒಂದು ಕಡೆ, ಬಯಾಪ್ಸಿ ಇನ್ನೊಂದು ಕಡೆ ಇಡ್ಬೇಡಿ, ಎರಡನ್ನೂ ಒಟ್ಟಿಗೆ ಫೋಟೋ ತೆಗೆದಿಡಿ, ಐದೇಳು ವರ್ಷ ಆದ್ಮೇಲೆ ಬೇರೆ ಡಾಕ್ಟ್ರು ಕೇಳೋದು ಅದನ್ನೇ, ಎಷ್ಟು, ಎಷ್ಟು ದೊಡ್ಡದು, ಎಲ್ಲಿ, ಯಾವ ಥರ ಅಂತ. ಮತ್ತೆ ಬಯಾಪ್ಸಿಲಿ ಅಡ್ವಾನ್ಸ್ಡ್ ಅಡೆನೋಮಾ ಅಂತ ಬಂದ್ರೆ ನಿಮ್ಮ ಅಣ್ಣ ತಮ್ಮ ಅಕ್ಕ ತಂಗಿ ಮಕ್ಕಳಿಗೆ ಹೇಳ್ಬೇಕು, ನಾಚ್ಕೊಂಡು ಮುಚ್ಚಿಡೋ ವಿಷಯ ಅಲ್ಲ ಇದು, ಅವರು ಶುರು ಮಾಡೋ ವಯಸ್ಸೂ ಇದ್ರಿಂದ ಹಿಂದಕ್ಕೆ ಬರತ್ತೆ, ನಿಮಗೆ 48ಕ್ಕೆ ಸಿಕ್ಕಿದ್ರೆ ಅವರಿಗೆ 38ಕ್ಕೇ ಟೆಸ್ಟು.